ಸೀಜ್ ಆದ ಕಾರಿನ ಹಳೇ ಬಾಕಿ: ವರ್ಷಗಳ ನಂತರ ಫೋನ್ ಬಂದರೆ ಯಾವುದು ಮೊದಲು, ಯಾವುದು ಆಮೇಲೆ

ಕಾರನ್ನು ಫೈನಾನ್ಸ್‌ನವರು ಎತ್ತಿಕೊಂಡು ಹೋಗಿ ಐದಾರು ವರ್ಷ ಆಗಿರುತ್ತದೆ. ಕಾರಿನ ಜೊತೆ ಸಾಲವೂ ತೊಲಗಿತು ಅಂತ ನೀವು ಅಂದುಕೊಂಡಿರುತ್ತೀರಿ. ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. "ಸರ್, ನಿಮ್ಮ ಮೇಲೆ 3,80,000 ಬಾಕಿ ಇದೆ. ಸಂಜೆಯೊಳಗೆ ಒಂದು 5,000 ಹಾಕಿ, ಉಳಿದಿದ್ದು ಮಾತಾಡೋಣ. ಇಲ್ಲಾಂದ್ರೆ ನಾಳೆ ಪೊಲೀಸ್ ಬರ್ತಾರೆ."

ನನ್ನನ್ನು ಕೇಳುವ ಬಹಳಷ್ಟು ಜನ ಆ 5,000 ಹಾಕಿದ ಮೇಲೆಯೇ ಕೇಳುತ್ತಾರೆ. ಕೆಲವರು ವಾಟ್ಸಾಪ್‌ನಲ್ಲಿ "ಖಂಡಿತ ಕಟ್ತೀನಿ ಸರ್, ಸ್ವಲ್ಪ ಟೈಮ್ ಕೊಡಿ" ಅಂತ ಬರೆದಿರುತ್ತಾರೆ. ಇನ್ನು ಕೆಲವರು ಮೂರು ವರ್ಷ ಆಯ್ತು, ಇನ್ನೇನೂ ಮಾಡಕ್ಕಾಗಲ್ಲ ಅಂತ ಯಾರೋ ಹೇಳಿದ್ದು ಕೇಳಿ, ಮನೆಗೆ ಬಂದ ಕೋರ್ಟ್ ನೋಟಿಸನ್ನೂ ತೆಗೆಯದೆ ಫ್ರಿಜ್ ಮೇಲೆ ಇಟ್ಟಿರುತ್ತಾರೆ. ಎರಡೂ ತಪ್ಪು. ದುಡ್ಡು ಕಟ್ಟಬೇಕಾ ಬೇಡವಾ ಅನ್ನೋದು ಏಳನೇ ಹಂತದ ಪ್ರಶ್ನೆ. ಅದಕ್ಕೆ ಮೊದಲು ಆರು ಹಂತ ಇವೆ.

ಇಲ್ಲಿ ಹೇಳಿರುವುದು ನಮ್ಮ ದೇಶದ ಬ್ಯಾಂಕ್ ಮತ್ತು ಆರ್‌ಬಿಐನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪನಿಗಳ ವಾಹನ ಸಾಲಕ್ಕೆ. ಕೈಸಾಲಕ್ಕೆ, ಖಾಸಗಿ ಬಡ್ಡಿ ವ್ಯವಹಾರಕ್ಕೆ ಅಲ್ಲ.

## ಮೊದಲು ಕೈಗೆ ಇಟ್ಟುಕೊಳ್ಳಬೇಕಾದ್ದು

ಒಂದು ನೋಟ್‌ಬುಕ್, ಒಂದು ಫೈಲ್, ಫೋನ್‌ನಲ್ಲಿ ಕಾಲ್ ರೆಕಾರ್ಡ್ ಮಾಡುವ ವ್ಯವಸ್ಥೆ, ಮತ್ತು ಸಾಲದ ಕಂತು ಹೋಗುತ್ತಿದ್ದ ಬ್ಯಾಂಕ್ ಖಾತೆಯ ಹಳೇ ಸ್ಟೇಟ್‌ಮೆಂಟ್. ಖಾತೆ ಮುಚ್ಚಿದ್ದರೂ ಬ್ರಾಂಚಿಗೆ ಹೋಗಿ ಅರ್ಜಿ ಕೊಟ್ಟು ಕೇಳಿ ನೋಡಿ. ಹಳೇ ಇಮೇಲ್‌ನಲ್ಲಿ ಸಾಲದ ಖಾತೆ ನಂಬರ್ ಹುಡುಕಿ. ಕಾರು ಎತ್ತಿದ ದಿನ ಕೊಟ್ಟ ಚೀಟಿ ಇದ್ದರೆ ಅದು ಚಿನ್ನ. ಅದರಲ್ಲಿ ಕಿಲೋಮೀಟರ್, ಟೈರ್, ಸ್ಟೆಪ್ನಿ, ಮ್ಯೂಸಿಕ್ ಸಿಸ್ಟಮ್ ಎಲ್ಲ ಬರೆದಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ ತಾರೀಖು ಇರುತ್ತದೆ.

## ಹಂತ 1: ಫೋನಿನಲ್ಲಿ ಏನನ್ನೂ ಒಪ್ಪಬೇಡಿ, ಏನನ್ನೂ ಅಲ್ಲಗಳೆಯಬೇಡಿ

ಮೊದಲ ಕರೆಗೆ ನಿಮ್ಮ ಕೆಲಸ ಒಂದೇ, ಎದುರಿನವರಿಂದ ಮಾಹಿತಿ ತೆಗೆದುಕೊಳ್ಳೋದು. ಹೆಸರು, ಯಾವ ಏಜೆನ್ಸಿ, ಯಾವ ಕಂಪನಿಯ ಪರವಾಗಿ, ಸಾಲದ ಖಾತೆ ನಂಬರ್, ಬಾಕಿ ಎಷ್ಟು ಅನ್ನುತ್ತಿದ್ದಾರೆ. ಎಲ್ಲ ಬರೆದುಕೊಳ್ಳಿ. ಆಮೇಲೆ ಇಷ್ಟು ಹೇಳಿ: "ನೀವು ಹೇಳುತ್ತಿರುವ ಬಾಕಿಯ ಬಗ್ಗೆ ನನ್ನ ಹತ್ತಿರ ಯಾವ ದಾಖಲೆಯೂ ಇಲ್ಲ. ಏನಿದ್ದರೂ ಕಂಪನಿಯ ಇಮೇಲ್‌ನಿಂದ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ." ಅಷ್ಟೇ. ಇಟ್ಟುಬಿಡಿ.

ಸಾಮಾನ್ಯ ತಪ್ಪು ಅಂದ್ರೆ ಕಷ್ಟ ಹೇಳಿಕೊಳ್ಳೋದು. ಕೆಲಸ ಹೋಯ್ತು, ಅಪ್ಪನಿಗೆ ಆಪರೇಷನ್ ಆಯ್ತು ಅಂತ ಹೇಳಿದರೆ ಆ ಕಡೆಯವರ ಮನಸ್ಸು ಕರಗಲ್ಲ. ಈ ಮನುಷ್ಯ ಸಾಲ ಒಪ್ಪಿಕೊಳ್ಳುತ್ತಾನೆ, ಸ್ವಲ್ಪ ಒತ್ತಿದರೆ ಕಟ್ಟುತ್ತಾನೆ ಅಂತ ಬರೆದುಕೊಳ್ಳುತ್ತಾರೆ. ಈಗಿನ ಕಂಪನಿ, ಸಂಬಳ, ಹೊಸ ವಿಳಾಸ ಯಾವುದನ್ನೂ ಹೇಳಬೇಡಿ. ಒಟಿಪಿ ಕೇಳಿದರೆ ಮಾತೇ ಬೇಡ.

ಎಚ್ಚರಿಕೆಯ ಗುರುತು: "ಇವತ್ತೇ ಕೊನೇ ದಿನ" ಅನ್ನೋ ಮಾತು. ಐದು ವರ್ಷ ಸುಮ್ನೆ ಇದ್ದ ಬಾಕಿಗೆ ಇವತ್ತು ಸಂಜೆ ಏನು ವಿಶೇಷ ಹೇಳಿ? ತಿಂಗಳ ಕೊನೆಗೆ ಅವರಿಗೆ ಟಾರ್ಗೆಟ್ ಇರುತ್ತದೆ, ಅಷ್ಟೇ.

## ಹಂತ 2: ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆಯಾ ನೋಡಿ

ಇದನ್ನು ಎಲ್ಲರೂ ಮರೆಯುತ್ತಾರೆ. ನನ್ನ ಪ್ರಕಾರ ಬಾಕಿಗಿಂತ ಇದು ದೊಡ್ಡ ಅಪಾಯ.

ಪರಿವಾಹನ್ ಪೋರ್ಟಲ್‌ನಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಮಾಲೀಕರ ಹೆಸರು ಪೂರ್ತಿ ಕಾಣದಿದ್ದರೂ ಒಂದೆರಡು ಅಕ್ಷರದಲ್ಲೇ ನಿಮ್ಮದಾ ಅಲ್ವಾ ಅಂತ ಗೊತ್ತಾಗುತ್ತದೆ. ಇ-ಚಲನ್ ಪುಟದಲ್ಲೂ ಅದೇ ನಂಬರ್ ಹಾಕಿ ನೋಡಿ. ಯಾವತ್ತೂ ಹೋಗದ ಊರಿನ ಸಿಗ್ನಲ್ ಜಂಪ್ ದಂಡ ಕಂಡರೆ ಅರ್ಥ ಇಷ್ಟೇ: ಕಾರು ಹರಾಜಾಗಿದೆ, ಯಾರೋ ಓಡಿಸುತ್ತಿದ್ದಾರೆ, ಕಾಗದದಲ್ಲಿ ಮಾತ್ರ ಮಾಲೀಕರು ನೀವೇ.

ಕಂತು ಕಟ್ಟದ ಕಾರಣಕ್ಕೆ ಗಾಡಿ ವಶಕ್ಕೆ ಪಡೆದ ಫೈನಾನ್ಸ್‌ನವರು ಫಾರ್ಮ್ 36 ಕೊಟ್ಟು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಆದರೆ ಗಾಡಿ ಒಪ್ಪಿಸುವಾಗ ಮಾಲೀಕತ್ವ ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ನಿಮ್ಮ ಸಹಿ ಹಾಕಿಸಿಕೊಂಡು, ಅದನ್ನೇ ಹರಾಜಿನಲ್ಲಿ ಕೊಂಡವರ ಕೈಗೆ ಕೊಟ್ಟುಬಿಡುವುದೂ ಇದೆ. ಅವರು ಅದನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟು ವರ್ಷಗಟ್ಟಲೆ ಓಡಿಸುತ್ತಾರೆ. ಆ ಗಾಡಿ ಅಪಘಾತ ಮಾಡಿ, ಇನ್ಶೂರೆನ್ಸ್ ಇಲ್ಲದೆ ಹೋದರೆ ಪರಿಹಾರದ ಕೇಸಿನಲ್ಲಿ ಮೊದಲು ನೋಟಿಸ್ ಬರುವುದು ನಿಮಗೆ. ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ನಿಮ್ಮ ಕೈತಪ್ಪಿದ್ದು ಯಾವಾಗ ಅಂತ ತೋರಿಸಲು ಸೀಜ್ ಚೀಟಿ ಬೇಕಾಗುವುದು ಆಗ.

ಹೆಸರು ಇನ್ನೂ ನಿಮ್ಮದೇ ಇದ್ದರೆ ಇವತ್ತೇ ಎರಡು ಪತ್ರ ಹಾಕಿ. ಒಂದು ಫೈನಾನ್ಸ್ ಕಂಪನಿಗೆ: ಯಾವ ದಿನ ವಶಕ್ಕೆ ಪಡೆದಿರಿ, ಯಾರಿಗೆ ಮಾರಿದಿರಿ, ಹೆಸರು ಯಾಕೆ ಬದಲಾಗಿಲ್ಲ. ಇನ್ನೊಂದು ಆರ್‌ಟಿಒಗೆ: ಇಂಥ ದಿನದಿಂದ ಗಾಡಿ ನನ್ನ ವಶದಲ್ಲಿಲ್ಲ. ಆರ್‌ಟಿಒ ಏನಾದರೂ ಮಾಡಲಿ ಬಿಡಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ನಿಮ್ಮ ಫೈಲ್‌ನಲ್ಲಿ ಇರಲಿ.

## ಹಂತ 3: ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಸಾಲ ತೆಗೆದ ದಿನ. ಕೊನೆಯ ಕಂತು ಹೋದ ದಿನ. ಮೊದಲ ಬೌನ್ಸ್. ಕಾರು ಎತ್ತಿದ ದಿನ. ಹರಾಜಿನ ದಿನ. ಆಮೇಲೆ ಏನಾದರೂ ಕಟ್ಟಿದ್ದರೆ, ಬರೆದುಕೊಟ್ಟಿದ್ದರೆ ಆ ದಿನ. ಸಾಲದ ಅವಧಿ ಮುಗಿಯಬೇಕಿದ್ದ ದಿನ. ನೆನಪಿನಿಂದ ಬರೆಯಬೇಡಿ. ಸ್ಟೇಟ್‌ಮೆಂಟ್ ನೋಡಿ ಬರೆಯಿರಿ. ನಮ್ಮ ನೆನಪು ಒಂದು ವರ್ಷ ಆಚೀಚೆ ಆಗಿಯೇ ಆಗುತ್ತದೆ, ಇಲ್ಲಿ ಒಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ.

ಯಾಕೆ ಅಂದ್ರೆ, 1963ರ ಲಿಮಿಟೇಷನ್ ಕಾಯ್ದೆ ಪ್ರಕಾರ ಇಂಥ ಹಣದ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವು. ಗಡುವು ಮೀರಿದ ದಾವೆಯನ್ನು ನೀವು ಆ ಮಾತು ಎತ್ತದಿದ್ದರೂ ಕೋರ್ಟ್ ವಜಾ ಮಾಡಬೇಕು. ಆ ಮೂರು ವರ್ಷ ಯಾವ ದಿನದಿಂದ ಶುರು ಅನ್ನೋದರಲ್ಲೇ ವಕೀಲರು ಕಿತ್ತಾಡುತ್ತಾರೆ: ಬೌನ್ಸ್ ಆದ ದಿನದಿಂದಲಾ, ಇಡೀ ಸಾಲ ವಾಪಸ್ ಕೇಳಿದ ದಿನದಿಂದಲಾ, ಹರಾಜಿನ ದಿನದಿಂದಲಾ ಅಂತ. ಹಾಗಾಗಿ ನಿಮ್ಮ ಹಾಳೆಯಲ್ಲಿ ಎಲ್ಲ ತಾರೀಖೂ ಇರಲಿ. ಅತ್ಯಂತ ಈಚಿನ ತಾರೀಖಿನಿಂದ ಎಣಿಸಿದರೂ ಮೂರು ವರ್ಷ ದಾಟಿದ್ದರೆ ನಿಮ್ಮ ಕಾಲಡಿ ನೆಲ ಗಟ್ಟಿ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಒಂದು, ಕೋವಿಡ್ ಲೆಕ್ಕ. 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಕಾಲವನ್ನು ಗಡುವಿನ ಲೆಕ್ಕದಿಂದ ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. 2019ರಲ್ಲಿ ಕಂತು ನಿಂತಿದ್ದರೆ 2022ಕ್ಕೆ ಮುಗೀತು ಅಂತ ಎಣಿಸಬೇಡಿ, ಹತ್ತಿರ ಹತ್ತಿರ ಎರಡು ವರ್ಷ ಮುಂದಕ್ಕೆ ಹೋಗುತ್ತದೆ.

ಎರಡು, ನೀವೇ ಗಡಿಯಾರ ತಿರುಗಿಸಿಬಿಡೋದು. ಗಡುವು ಮುಗಿಯುವ ಮೊದಲು ನೀವು ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ಸ್ವಲ್ಪ ಹಣ ಕಟ್ಟಿ ಅದಕ್ಕೆ ನಿಮ್ಮ ಬರಹದ ಅಥವಾ ಸಹಿಯ ದಾಖಲೆ ಇದ್ದರೂ ಹಾಗೇ. ಗಡುವು ಮುಗಿದ ಮೇಲೆ ಸುಮ್ನೆ "ಬಾಕಿ ಇತ್ತು" ಅಂದರೆ ಸಾಲಕ್ಕೆ ಜೀವ ಬರಲ್ಲ. ಆದರೆ "ಕಟ್ಟುತ್ತೇನೆ" ಅಂತ ಬರೆದು ಸಹಿ ಹಾಕಿಕೊಟ್ಟರೆ, ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅದೇ ಒಂದು ಹೊಸ ಕರಾರು. ಆ 5,000 ಮತ್ತು ಆ ವಾಟ್ಸಾಪ್ ಮೆಸೇಜ್ ಎಲ್ಲಿಗೆ ಮುಟ್ಟಬಹುದು ಅಂತ ಈಗ ಗೊತ್ತಾಯ್ತಲ್ವಾ? ಅದು ಒಪ್ಪಿಗೆ ಆಗುತ್ತೋ ಇಲ್ವೋ ಅಂತ ಆಮೇಲೆ ವಾದ ಮಾಡಬಹುದು. ಆ ವಾದವೇ ಬೇಡ ಅನ್ನೋದು ನನ್ನ ಮಾತು.

ಮೂರು, ಗಡುವು ಮುಗಿದರೆ ಸಾಲವೇ ಇಲ್ಲ ಅಂದುಕೊಳ್ಳೋದು. ಮುಗಿಯುವುದು ಕೋರ್ಟಿಗೆ ಹೋಗುವ ದಾರಿ ಮಾತ್ರ. ಅವರು ಮರ್ಯಾದೆಯಿಂದ ಕೇಳಬಹುದು, ಸಿಬಿಲ್‌ನಲ್ಲಿ (ನಿಮ್ಮ ಸಾಲದ ಇತಿಹಾಸ ಇಡುವ ಸಂಸ್ಥೆಯ ವರದಿಯಲ್ಲಿ) ತೋರಿಸಬಹುದು. ಅದೇ ಬ್ಯಾಂಕಿನಲ್ಲಿ ನಿಮ್ಮ ಸಂಬಳದ ಖಾತೆ ಇದ್ದರೆ ಹಣ ಹಿಡಿದುಕೊಂಡು ತಲೆನೋವು ತರಬಹುದು. ಸಂಬಳ ಬೇರೆ ಬ್ಯಾಂಕಿಗೆ ಬರುವ ಹಾಗೆ ಮಾಡಿಕೊಳ್ಳೋದು ಜಾಣತನ.

## ಹಂತ 4: ನಿಮಗೆ ಗೊತ್ತಿಲ್ಲದೆ ತೀರ್ಪು ಆಗಿದೆಯಾ ಹುಡುಕಿ

ಮೂರು ವರ್ಷದ ಮಾತು ನಂಬಿ ಕೂತವರು ಮುಳುಗುವುದು ಇಲ್ಲೇ. ಮೂರು ವರ್ಷದ ಗಡುವು ದಾವೆ ಹಾಕಲು. ಅಷ್ಟರೊಳಗೆ ಅವರು ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ನಡೆಯುವ ವಿಚಾರಣೆ) ಶುರು ಮಾಡಿ ಆದೇಶ ತೆಗೆದುಕೊಂಡಿದ್ದರೆ, ಅದನ್ನು ಜಾರಿ ಮಾಡಿಸಲು ಅವರಿಗೆ 12 ವರ್ಷ ಇದೆ.

ವಾಹನ ಸಾಲದ ಅಗ್ರಿಮೆಂಟಿನ ಸಣ್ಣ ಅಕ್ಷರಗಳಲ್ಲಿ, ತಕರಾರು ಬಂದರೆ ಆರ್ಬಿಟ್ರೇಟರ್ ಮುಂದೆ ತೀರ್ಮಾನ ಅಂತ ಇರುತ್ತದೆ. ಜಾಗ ಚೆನ್ನೈನೋ ಮುಂಬೈನೋ ಆಗಿರುತ್ತದೆ. ನೋಟಿಸ್ ನಿಮ್ಮ ಹಳೇ ಬಾಡಿಗೆ ಮನೆಗೆ ಹೋಗಿ ವಾಪಸ್ ಬಂದಿರುತ್ತದೆ. ನೀವು ಬರಲಿಲ್ಲ ಅಂತ ಏಕಪಕ್ಷೀಯ ಆದೇಶ. ಆ ಆದೇಶ ಕೈಗೆ ಸಿಕ್ಕಿದ ದಿನದಿಂದ 3 ತಿಂಗಳೊಳಗೆ ಪ್ರಶ್ನಿಸಬೇಕು, ಸರಿಯಾದ ಕಾರಣ ಇದ್ದರೆ ಇನ್ನು 30 ದಿನ ಸಿಗಬಹುದು, ಅದರ ಮೇಲೆ ಒಂದು ದಿನವೂ ಇಲ್ಲ. ಆರ್ಬಿಟ್ರೇಟರ್‌ನನ್ನು ಫೈನಾನ್ಸ್‌ನವರು ತಾವೊಬ್ಬರೇ ನೇಮಿಸಿಕೊಂಡಿದ್ದರೆ ಅದನ್ನು ವಕೀಲರಿಗೆ ತಪ್ಪದೆ ಹೇಳಿ. ತೀರ್ಪಿನಲ್ಲಿ ಹಿತ ಇರುವವರು ಒಬ್ಬನೇ ಆರ್ಬಿಟ್ರೇಟರ್‌ನನ್ನು ತಾವೇ ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನಿಮ್ಮ ಕೈಲಿರುವ ದೊಡ್ಡ ಅಸ್ತ್ರ ಇದೇ ಆಗಿರಬಹುದು.

ಹುಡುಕುವುದು ಹೀಗೆ. ಇ-ಕೋರ್ಟ್ಸ್ ಸೈಟ್‌ನಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಆರಿಸಿ, ಪಾರ್ಟಿ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಹಾಕಿ, ವರ್ಷ ಒಂದೊಂದಾಗಿ ಬದಲಿಸಿ. ಬಾಕಿ ಇರುವ ಕೇಸ್, ಮುಗಿದ ಕೇಸ್ ಎರಡನ್ನೂ ನೋಡಿ. ಹೆಸರಿನ ಸ್ಪೆಲ್ಲಿಂಗ್ ಎರಡು ಮೂರು ಥರ ಹಾಕಿ ನೋಡಿ. ಬಸವರಾಜ, ಬಸವರಾಜು ಎರಡೂ ಬೇರೆ ಬೇರೆಯಾಗಿ ಬರುತ್ತವೆ. ಇನಿಷಿಯಲ್ ಮೊದಲು ಹಾಕಿದ್ದಾರೋ ಕೊನೆಗೆ ಹಾಕಿದ್ದಾರೋ ಅದನ್ನೂ ನೋಡಿ. ನಿಮ್ಮ ಹೆಸರು ತೀರಾ ಸಾಮಾನ್ಯವಾಗಿದ್ದರೆ ಫೈನಾನ್ಸ್ ಕಂಪನಿಯ ಹೆಸರು ಹಾಕಿ ಹುಡುಕಿ. ಈಗಿರುವ ಜಿಲ್ಲೆ, ಸಾಲ ತೆಗೆದಾಗಿದ್ದ ಜಿಲ್ಲೆ ಎರಡೂ ನೋಡಬೇಕು. ಎಕ್ಸಿಕ್ಯೂಷನ್ (ಆದೇಶ ಜಾರಿ ಮಾಡಿಸುವ ಅರ್ಜಿ) ಅಂತ ಏನಾದರೂ ಕಂಡರೆ ಮುಂದಿನ ಹಂತಗಳನ್ನು ಬದಿಗಿಟ್ಟು ನೇರ ವಕೀಲರ ಹತ್ತಿರ ಹೋಗಿ. ವಕೀಲರಿಗೆ ಕೊಡುವಷ್ಟು ಹಣ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.

ಒಬ್ಬರು ಎಕ್ಸಿಕ್ಯೂಷನ್ ಕಂಡು ರಾತ್ರಿಯಿಡೀ ನಿದ್ದೆ ಮಾಡದೆ, ಸಂಬಳ ಪೂರ್ತಿ ಹೋಗುತ್ತಾ ಅಂತ ಕೇಳಿದ್ದರು. ಇಲ್ಲ. ಜೀವನಾಂಶದ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಬಿಟ್ಟು ಬೇರೆ ಡಿಕ್ರಿಗಳಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವ ಹಾಗಿಲ್ಲ.

ಲೋಕ ಅದಾಲತ್ ನೋಟಿಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೇಸ್ ಹಾಕುವ ಮೊದಲೇ ಬರುವ ನೋಟಿಸ್ ಸಮನ್ಸ್ ಅಲ್ಲ, ಹೋಗದಿದ್ದರೆ ಬಂಧಿಸಲ್ಲ. ಆದರೆ ಹೋಗಿ, ಅಲ್ಲಿನ ಗದ್ದಲದಲ್ಲಿ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದರೆ ಅದು ಕೋರ್ಟ್ ಡಿಕ್ರಿಗೆ ಸಮ, ಅಪೀಲು ಇಲ್ಲ. ಹೋಗುವುದಾದರೆ ಆರನೇ ಹಂತದ ಲೆಕ್ಕ ಮುಗಿಸಿಕೊಂಡು ಹೋಗಿ.

## ಹಂತ 5: ಬರವಣಿಗೆಯಲ್ಲಿ ಕಾಗದ ಕೇಳಿ

ಈಗ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಇಮೇಲ್ ಮಾಡಿ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಏಜೆಂಟಿಗಲ್ಲ, ಕಂಪನಿಗೆ. ಸಾಲವನ್ನು ಬೇರೆ ಸಂಸ್ಥೆಗೆ ಮಾರಿದ್ದರೆ ಇಬ್ಬರಿಗೂ.

ಪತ್ರದ ಮೊದಲ ಸಾಲು ಹೀಗಿರಲಿ: "ಈ ಪತ್ರದಿಂದ ನಾನು ಯಾವುದೇ ಬಾಕಿಯನ್ನು ಒಪ್ಪಿಕೊಂಡಂತೆ ಅಥವಾ ಕಟ್ಟುವುದಾಗಿ ಮಾತು ಕೊಟ್ಟಂತೆ ಆಗುವುದಿಲ್ಲ. ನನ್ನ ಎಲ್ಲ ಕಾನೂನು ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಕೆಳಗಿನ ದಾಖಲೆಗಳನ್ನು ಕೇಳುತ್ತಿದ್ದೇನೆ." ಈ ಸಾಲು ಇಲ್ಲದೆ "ನನ್ನ ಬಾಕಿ ಎಷ್ಟು ತಿಳಿಸಿ" ಅಂತ ಬರೆದು ಸಹಿ ಹಾಕಿ ಕಳಿಸಿದವರಿದ್ದಾರೆ. "ನನ್ನ ಬಾಕಿ" ಅಂದ ಮೇಲೆ ಇನ್ನೇನು ಉಳೀತು?

ಕೇಳಬೇಕಾದ್ದು:

- ಸಹಿ ಇರುವ ಸಾಲದ ಅಗ್ರಿಮೆಂಟಿನ ಪ್ರತಿ
- ಮೊದಲ ದಿನದಿಂದ ಇವತ್ತಿನವರೆಗಿನ ಖಾತೆಯ ಸ್ಟೇಟ್‌ಮೆಂಟ್
- ಕಾರು ಎತ್ತುವ ಮೊದಲು ಮತ್ತು ಮಾರುವ ಮೊದಲು ಕಳಿಸಿದ ನೋಟಿಸ್‌ಗಳು, ಅವು ತಲುಪಿದ್ದಕ್ಕೆ ಪುರಾವೆ
- ಕಾರಿನ ಬೆಲೆ ಅಂದಾಜು ಮಾಡಿದ ವರದಿ, ಹರಾಜಿನ ವಿವರ, ಬಂದ ಹಣ
- ಆರ್ಬಿಟ್ರೇಷನ್ ಅಥವಾ ಕೋರ್ಟ್ ಆದೇಶ ಇದ್ದರೆ ಅದರ ಪ್ರತಿ
- ಸಾಲ ಬೇರೆಯವರಿಗೆ ಮಾರಿದ್ದರೆ ಆ ವರ್ಗಾವಣೆಯ ದಾಖಲೆ
- ಫೋನ್ ಮಾಡುತ್ತಿರುವ ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ

ನೋಟಿಸ್‌ಗಳನ್ನು ಯಾಕೆ ಒತ್ತಿ ಕೇಳಬೇಕು ಅಂದ್ರೆ, ಗಾಡಿ ವಶಕ್ಕೆ ಪಡೆಯುವ ಮೊದಲಿನ ನೋಟಿಸ್ ಅವಧಿ, ಮಾರುವ ಮೊದಲು ಸಾಲಗಾರನಿಗೆ ಕೊನೆಯ ಅವಕಾಶ, ಹರಾಜಿನ ವಿಧಾನ, ಇವೆಲ್ಲ ಅಗ್ರಿಮೆಂಟಿನಲ್ಲೇ ಇರಬೇಕು ಅಂತ ಫೈನಾನ್ಸ್ ಕಂಪನಿಗಳಿಗೆ ಆರ್‌ಬಿಐ ನಿಯಮ ಇದೆ. ಕೊನೆಯ ಅವಕಾಶ ಕೊಡದೆ, ಬೆಲೆ ಕಟ್ಟಿಸದೆ, ತಮಗೆ ಬೇಕಾದ ಡೀಲರ್‌ಗೆ ತಳ್ಳಿದ್ದರೆ ಬಾಕಿಯ ಮೊತ್ತವನ್ನೇ ಪ್ರಶ್ನಿಸಲು ನಿಮಗೆ ಜಾಗ ಸಿಕ್ಕಿತು.

ಉತ್ತರಕ್ಕೆ 30 ದಿನ ಕೊಡಿ. ಆ ನಡುವೆ ಬರುವ ಎಲ್ಲ ಫೋನಿಗೂ ಒಂದೇ ಉತ್ತರ: "ಇಂಥ ದಿನ ಪತ್ರ ಕಳಿಸಿದ್ದೇನೆ, ಅದಕ್ಕೆ ಉತ್ತರ ಬರಲಿ."

## ಹಂತ 6: ಲೆಕ್ಕ ಬಿಡಿಸಿ

ಸ್ಟೇಟ್‌ಮೆಂಟ್ ಬಂತು ಅಂದುಕೊಳ್ಳಿ. ಪೆನ್ಸಿಲ್ ಹಿಡಿದು ಕೂತ್ಕೊಳ್ಳಿ. ಒಂದು ಉದಾಹರಣೆ ಕೊಡುತ್ತೇನೆ.

ಕಾರು ಎತ್ತಿದ ದಿನ ಉಳಿದ ಅಸಲು 4,20,000. ಅಲ್ಲಿಯವರೆಗಿನ ಬಡ್ಡಿ 28,000. ಗಾಡಿ ಎಳೆದು ತಂದಿದ್ದು, ಯಾರ್ಡ್ ಬಾಡಿಗೆ ಸೇರಿ 22,000. ಒಟ್ಟು 4,70,000. ಹರಾಜಿನಲ್ಲಿ ಬಂದದ್ದು 3,10,000. ಉಳಿದದ್ದು 1,60,000. ಏಜೆಂಟ್ ಕೇಳುತ್ತಿರುವುದು 3,80,000. ಹಾಗಾದರೆ ಉಳಿದ 2,20,000 ಏನು? ಕಾರು ಮಾರಿದ ಮೇಲೂ ಓಡಿಸಿದ ಬಡ್ಡಿ, ದಂಡ, ಬೌನ್ಸ್ ಚಾರ್ಜ್, "ಲೀಗಲ್" ಅಂತ ಹಾಕಿದ ಒಂದು ಸಾಲು. ಸೆಟಲ್‌ಮೆಂಟ್ ಮಾತಿಗೆ ಕೂತರೆ ನಿಮ್ಮ ಆರಂಭದ ಅಂಕಿ 3,80,000 ಅಲ್ಲ, 1,60,000ಕ್ಕಿಂತ ಕೆಳಗೆ. "50 ಪರ್ಸೆಂಟ್ ಬಿಡ್ತೀವಿ ಸರ್" ಅಂದಾಗ ಖುಷಿಪಟ್ಟು 1,90,000 ಕಟ್ಟಿದವರು ನಿಜವಾದ ಬಾಕಿಗಿಂತ 30,000 ಜಾಸ್ತಿ ಕಟ್ಟಿದಂತಾಯ್ತು.

ಜೊತೆಗೆ ಇವನ್ನೂ ನೋಡಿ. ಹರಾಜಿನ ಹಣ ಜಮಾ ಆಗಿದ್ದು ಯಾವ ದಿನ? ಮಾರಿದ ಆರು ತಿಂಗಳ ಮೇಲೆ ಜಮಾ ತೋರಿಸಿ, ಆ ಆರು ತಿಂಗಳ ಬಡ್ಡಿಯನ್ನೂ ನಿಮ್ಮ ತಲೆಗೆ ಕಟ್ಟಿರಬಹುದು. ಕಾರು ಹೋದ ಮೇಲೆ ನೀವು ಕೊಟ್ಟ ಹಣ ಎಲ್ಲ ಜಮಾ ಆಗಿದೆಯಾ? ಏಜೆಂಟ್ ಕೈಗೆ ಕೊಟ್ಟ ನಗದು ಖಾತೆಯಲ್ಲಿ ಕಾಣದೇ ಇರಬಹುದು. ರಸೀದಿ ಇದ್ದರೆ ಫೋಟೋ ತೆಗೆದಿಡಿ, ಆ ಥರ್ಮಲ್ ಕಾಗದದ ಅಕ್ಷರ ಮಾಸಿಹೋಗುತ್ತದೆ. ನನ್ನ ಹತ್ತಿರವೇ ಅಂಥ ಒಂದು ರಸೀದಿ ಇದೆ, ಬಿಸಿಲಿಗೆ ಹಿಡಿದು ಓರೆ ಮಾಡಿದರೂ ಈಗ ಕಾಣುವುದು ಒಂದು "7" ಮಾತ್ರ.

## ಹಂತ 7: ಈಗ ತೀರ್ಮಾನ ಮಾಡಿ

ಗಡುವು ದಾಟಿದೆ, ಯಾವ ಕೇಸೂ ಆದೇಶವೂ ಇಲ್ಲ, ಹತ್ತಿರದಲ್ಲಿ ದೊಡ್ಡ ಸಾಲ ತೆಗೆಯುವ ಯೋಚನೆಯೂ ಇಲ್ಲ. ಹಾಗಿದ್ದರೆ "ಈ ಬಾಕಿಯನ್ನು ನಾನು ಒಪ್ಪುವುದಿಲ್ಲ, ಕಾನೂನಿನ ಪ್ರಕಾರ ಇದರ ಗಡುವೂ ಮುಗಿದಿದೆ" ಅಂತ ವಕೀಲರ ಮೂಲಕ ಒಂದು ಪತ್ರ ಕಳಿಸಿ ಸುಮ್ಮನಿರಬಹುದು.

ಗಡುವು ದಾಟಿದೆ, ಆದರೆ ಮನೆ ಸಾಲ ಬೇಕು, ಸಿಬಿಲ್ ಅಡ್ಡ ಬರುತ್ತಿದೆ. ಆಗ ಸೆಟಲ್ ಮಾಡಿಕೊಳ್ಳೋದು ನಿಮ್ಮ ಅನುಕೂಲಕ್ಕೆ, ಅವರ ಬೆದರಿಕೆಗಲ್ಲ. ಚೌಕಾಸಿ ಮಾಡುವಾಗ ಈ ವ್ಯತ್ಯಾಸ ನಿಮ್ಮ ದನಿಯಲ್ಲೇ ಕೇಳಿಸಬೇಕು.

ಗಡುವಿನೊಳಗೇ ಇದೆ ಅಂದರೆ ಲೆಕ್ಕ ಹಿಡಿದು ಮಾತಾಡಿ. ಆದೇಶ ಆಗಿದ್ದರೆ ವಕೀಲರಿಲ್ಲದೆ ಮಾತಾಡಬೇಡಿ.

ಜಾಮೀನು ಹಾಕಿದವರನ್ನು ಮರೆಯಬೇಡಿ. ಕಾನೂನಿನ ಕಣ್ಣಿಗೆ ಅವರೂ ನಿಮ್ಮಷ್ಟೇ ಹೊಣೆ. ನಿಮಗೆ ಮಾಡುವ ಫೋನ್ ನಿಂತಿದೆ ಅಂದರೆ ನಿಮ್ಮ ಭಾವನಿಗೆ ಶುರುವಾಗಿದೆ ಅಂತಲೂ ಆಗಿರಬಹುದು. ಇನ್ನು ತೀರಿಕೊಂಡ ಅಪ್ಪನ ಕಾರಿನ ಬಾಕಿ ಮಕ್ಕಳನ್ನು ಕೇಳುತ್ತಿದ್ದರೆ, ನೀವು ಸಹಸಾಲಗಾರರೋ ಜಾಮೀನುದಾರರೋ ಅಲ್ಲದಿದ್ದಲ್ಲಿ, ಹೊಣೆ ಅಪ್ಪನಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ. ನಿಮ್ಮ ಸ್ವಂತ ಸಂಬಳಕ್ಕೆ ಅಲ್ಲ.

## ಹಂತ 8: ಸೆಟಲ್ ಮಾಡುವುದಾದರೆ ಪತ್ರ ಮೊದಲು, ದುಡ್ಡು ಆಮೇಲೆ

ಈ ಕ್ರಮ ತಪ್ಪಿದರೆ ಕಟ್ಟಿದ ಹಣ ಸೀದಾ ಬಡ್ಡಿಗೆ ಹೋಗುತ್ತದೆ, ಬಾಕಿ ಹಾಗೇ ಉಳಿಯುತ್ತದೆ.

ಮೊದಲು ಕಂಪನಿಯ ಲೆಟರ್‌ಹೆಡ್‌ನಲ್ಲಿ ಅಥವಾ ಅಧಿಕೃತ ಇಮೇಲ್‌ನಿಂದ ಸೆಟಲ್‌ಮೆಂಟ್ ಪತ್ರ ಬರಬೇಕು. ಅದರಲ್ಲಿ ಸಾಲದ ಖಾತೆ ನಂಬರ್, ಮೊತ್ತ, ಕಟ್ಟುವ ಕೊನೆಯ ದಿನ ಇರಬೇಕು. ಇದು ಪೂರ್ಣ ಮತ್ತು ಅಂತಿಮ ಅನ್ನುವ ಮಾತು, ಜಾಮೀನುದಾರರ ಹೆಸರು, ಹಾಕಿದ ಕೇಸ್ ವಾಪಸ್ ತೆಗೆಯುವುದು, ಹಳೇ ಚೆಕ್‌ಗಳನ್ನು ಹಿಂದಿರುಗಿಸುವುದು, ಬಾಕಿ ಇಲ್ಲ ಪತ್ರ ಯಾವಾಗ ಕೊಡುತ್ತಾರೆ, ಸಿಬಿಲ್‌ಗೆ ಏನಂತ ಕಳಿಸುತ್ತಾರೆ, ಇಷ್ಟೂ ಬೇಕು. ಪತ್ರ ಬಂದ ಮೇಲೆ ಬ್ರಾಂಚಿಗೆ ಖುದ್ದು ಹೋಗಿ ಇದು ನಿಮ್ಮದೇನಾ ಅಂತ ಕೇಳಿ. ನಕಲಿ ಲೆಟರ್‌ಹೆಡ್ ಮಾಡೋದು ಈಗ ಹತ್ತು ನಿಮಿಷದ ಕೆಲಸ.

ಹಣ ಹೋಗಬೇಕಾದ್ದು ಕಂಪನಿಯ ಸಾಲದ ಖಾತೆಗೆ, ಇಲ್ಲವೇ ಕಂಪನಿಯ ಹೆಸರಿನ ಡಿಡಿ. ಯಾರದೋ ಫೋನ್ ನಂಬರಿನ ಯುಪಿಐಗೆ, "ಮ್ಯಾನೇಜರ್ ಅಕೌಂಟ್"ಗೆ ಒಂದು ರೂಪಾಯಿಯೂ ಹೋಗಬಾರದು.

ಹೊಸ ಚೆಕ್ ಕೊಡಬೇಡಿ. ಕಂತಿನಲ್ಲಿ ಸೆಟಲ್ ಮಾಡೋಣ, ಆರು ಚೆಕ್ ಬರೆದುಕೊಡಿ ಅಂತಾರೆ. ಒಂದು ಬೌನ್ಸ್ ಆದರೂ ಸಿವಿಲ್ ಬಾಕಿಯಾಗಿದ್ದದ್ದು ಚೆಕ್ ಬೌನ್ಸ್‌ಗೆ ಇರುವ 138ನೇ ಸೆಕ್ಷನ್‌ನ ಕ್ರಿಮಿನಲ್ ಕೇಸ್ ಆಗುತ್ತದೆ. ಅವರಿಗೆ ಬೇಕಿರೋದೂ ಅದೇ. ಹಳೇ ಚೆಕ್ ಬೌನ್ಸ್ ಮಾಡಿಸಿ ಲೀಗಲ್ ನೋಟಿಸ್ ಬಂದಿದ್ದರೆ, ಅದು ಕೈಗೆ ಬಂದ 15 ದಿನ ಬಹಳ ಮುಖ್ಯ. ಆ ನೋಟಿಸ್ ಒಂದನ್ನು ಮಾತ್ರ ಫ್ರಿಜ್ ಮೇಲೆ ಇಡಬೇಡಿ.

## ಹಂತ 9: ಸಿಬಿಲ್ ಸರಿಪಡಿಸಿ

ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸೇರಿ ನಾಲ್ಕು ಸಂಸ್ಥೆಗಳಿವೆ. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪ್ರತಿಯೊಂದೂ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಯಿರಿ.

"ರಿಟನ್ ಆಫ್" ಅಂತ ಕಂಡರೆ ಸಾಲ ಮನ್ನಾ ಆಯ್ತು ಅಂತಲ್ಲ. ಅದು ಅವರ ಪುಸ್ತಕದ ಲೆಕ್ಕ, ವಸೂಲಿಯ ಹಕ್ಕು ಉಳಿದೇ ಇರುತ್ತದೆ. ಕಡಿಮೆ ಕಟ್ಟಿ ಮುಗಿಸಿದರೆ "ಸೆಟಲ್ಡ್" ಅಂತ ಬರುತ್ತದೆ, ಪೂರ್ತಿ ಕಟ್ಟಿದರೆ "ಕ್ಲೋಸ್ಡ್". ಸೆಟಲ್ಡ್ ನೋಡಿದರೆ ಮುಂದಿನ ಬ್ಯಾಂಕಿನವರು ಮುಖ ಸಿಂಡರಿಸಬಹುದು, ಆದರೆ ಬಾಕಿ ಹಾಗೇ ತೋರಿಸುತ್ತಿರುವುದಕ್ಕಿಂತ ವಾಸಿ. ಸಾಲ ಮಾರಾಟ ಆಗಿದ್ದರೆ ಹಳೇ ಕಂಪನಿ, ಹೊಸ ಸಂಸ್ಥೆ ಎರಡೂ ಅದೇ ಬಾಕಿಯನ್ನು ತೋರಿಸುತ್ತಿವೆಯಾ ನೋಡಿ. ಹಾಗಿದ್ದರೆ ಒಂದೇ ಸಾಲ ಎರಡಾಗಿ ಕಾಣುತ್ತದೆ.

ತಪ್ಪಿದ್ದರೆ ಆಯಾ ಸಂಸ್ಥೆಯ ಸೈಟಿನಲ್ಲೇ ತಕರಾರು ಹಾಕಿ. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ 2023ರಲ್ಲಿ ಹೇಳಿದೆ, ಅದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ 100 ರೂಪಾಯಿಗಿಂತ ಅದನ್ನು ಪತ್ರದಲ್ಲಿ ನೆನಪಿಸುವುದರಿಂದಲೇ ಕೆಲಸ ಬೇಗ ಆಗುತ್ತದೆ.

## ಹಂತ 10: ಕಾಟ ಕೊಟ್ಟರೆ

ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಬೈಯುವುದು, ನೆಂಟರಿಗೆ ಸ್ನೇಹಿತರಿಗೆ ಹೇಳಿ ಮಾನ ಕಳೆಯುವುದು, ಹೆಸರಿಲ್ಲದ ಕರೆಗಳಿಂದ ಹೆದರಿಸುವುದು ಯಾವುದೂ ಕೂಡದು ಅಂತ ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಿದೆ. ಏಜೆಂಟ್ ಏನು ಮಾಡಿದರೂ ಹೊಣೆ ಕಂಪನಿಯದ್ದೇ.

ಮನೆಗೆ ಬಂದರೆ ಗುರುತಿನ ಚೀಟಿ, ಅಧಿಕಾರ ಪತ್ರ ಎರಡೂ ಕೇಳಿ. ತೋರಿಸದಿದ್ದರೆ ಬಾಗಿಲು ತೆಗೆಯುವ ಅಗತ್ಯವಿಲ್ಲ. ಈಗಿನ ಗಾಡಿಯನ್ನೋ ಮನೆಯ ಸಾಮಾನನ್ನೋ ಎತ್ತುತ್ತೇವೆ ಅಂದರೆ, ಬೆದರಿಸಿದರೆ 112ಕ್ಕೆ ಫೋನ್ ಮಾಡಿ.

"ಅರೆಸ್ಟ್ ವಾರಂಟ್" ಅಂತ ವಾಟ್ಸಾಪ್‌ನಲ್ಲಿ ಕಳಿಸಿದ ಕಾಗದದಲ್ಲಿ ಅಶೋಕ ಸ್ತಂಭ ದೊಡ್ಡದಾಗಿರುತ್ತದೆ, ಕೇಸ್ ನಂಬರ್ ಇರಲ್ಲ, ಕೊನೆಗೆ ಕಟ್ಟಬೇಕಾದ ಯುಪಿಐ ಇರುತ್ತದೆ. ಕೋರ್ಟು ಯುಪಿಐಗೆ ಸಾಲ ಕಟ್ಟಿಸಿಕೊಳ್ಳುತ್ತಾ? ಆದರೆ ನಿಜವಾದ ಸಮನ್ಸೂ ಈಗ ಫೋನಿಗೆ ಬರಬಹುದು, ಹಾಗಾಗಿ ಎಸೆಯಬೇಡಿ. 16 ಅಕ್ಷರಗಳ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೋರ್ಟ್ ಕೊಡುವ ಗುರುತಿನ ನಂಬರ್) ಇದೆಯಾ ನೋಡಿ, ಇ-ಕೋರ್ಟ್ಸ್‌ನಲ್ಲಿ ಹಾಕಿ. ಕೇಸ್ ಇದ್ದರೆ ಅಲ್ಲಿ ಬರುತ್ತದೆ. ವಂಚನೆ ಅಂತ ಖಾತ್ರಿಯಾದರೆ, ಅದರಲ್ಲೂ ಹಣ ಹೋಗಿದ್ದರೆ, ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ದೂರಿನ ದಾರಿಯಲ್ಲೂ ಒಂದು ಕ್ರಮ ಇದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಹಾರಿಕೆಯ ಉತ್ತರವಾಗಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್, ಫೈನಾನ್ಸ್ ಕಂಪನಿಗಳ ಮೇಲಿನ ದೂರು ಬಗೆಹರಿಸುವ ಅಧಿಕಾರಿಗೆ) ಆರ್‌ಬಿಐನ ಸಿಎಂಎಸ್ ದೂರು ಪೋರ್ಟಲ್‌ನಲ್ಲಿ ಹಾಕಿ, ಮಾಹಿತಿಗೆ 14448. ನೇರ ಒಂಬುಡ್ಸ್‌ಮನ್ ಹತ್ತಿರ ಹೋದವರ ದೂರು, ಮೊದಲು ಕಂಪನಿಯನ್ನು ಕೇಳಿ ಅಂತ ವಾಪಸ್ ಬರುತ್ತದೆ. ದೂರಿನಲ್ಲಿ ಬೇಜಾರು ತೋಡಿಕೊಳ್ಳಬೇಡಿ. ತಾರೀಖು, ಸಮಯ, ಯಾವ ನಂಬರ್, ಏನು ಹೇಳಿದರು ಅಂತ ನಾಲ್ಕು ಕಾಲಂ ಮಾಡಿ. ಮೊದಲ ಹಂತದಲ್ಲಿ ಇಟ್ಟ ನೋಟ್‌ಬುಕ್ ಕೆಲಸಕ್ಕೆ ಬರುವುದು ಇಲ್ಲಿ.

ಎಲ್ಲ ಮುಗಿದು ಬಾಕಿ ಇಲ್ಲ ಪತ್ರ ಕೈಗೆ ಬಂದ ಮೇಲೂ ಫೈಲ್ ಎಸೆಯಬೇಡಿ. ಮುಗಿದ ಖಾತೆಗಳೂ ಹಳೇ ಪಟ್ಟಿಯಲ್ಲಿ ಉಳಿದು ಇನ್ನೊಂದು ಏಜೆನ್ಸಿಯ ಕೈ ಸೇರುವುದುಂಟು. ಎರಡು ವರ್ಷ ಬಿಟ್ಟು ಮತ್ತೆ ಫೋನ್ ಬಂದರೆ ಆ ಪತ್ರದ ಫೋಟೋ ಕಂಪನಿಗೆ ಇಮೇಲ್ ಮಾಡಿ, ಏಜೆಂಟಿಗೆ ಅಲ್ಲ.